ನಡುಮನೆಯ ಗೋಡೆಗೆ ಯಾವ ಪಟ?



ಇದು ಸ್ವಲ್ಪ ಉದ್ದದ ಪೋಸ್ಟ್. ಬಿಡುವಾದಾಗ ಓದಿ.

ಈ ವರ್ಷ ನಮ್ಮ ಬಳಗದಲ್ಲಿ ನಾಲ್ಕೈದು ಜನ ಹೊಸ ಮನೆ ಮಾಡಿಕೊಂಡರು. ಒಬ್ಬರದು ಸರ್ಕಾರದ ಯೋಜನೆಯ ಎರಡು ರೂಮಿನ ಮನೆ. ಇನ್ನೊಬ್ಬರು ಬ್ಯಾಂಕ್ ಸಾಲ ಮಾಡಿ ಸೈಟಲ್ಲಿ ಕಟ್ಟಿದವರು. ಮತ್ತೊಬ್ಬರು ಬೆಂಗಳೂರಲ್ಲಿ ಫ್ಲಾಟ್ ತಗೊಂಡವರು. ಮೂರೂ ಜನ ಬೇರೆ ಬೇರೆ ದಿನ ನನ್ನನ್ನು ಕೇಳಿದ್ದು ಒಂದೇ ಮಾತು: "ಅಣ್ಣ, ಹಾಲ್ ಗೋಡೆಗೆ ಯಾವ ಪಟ ಹಾಕೋದು?"

ಇದೇನು ದೊಡ್ಡ ಪ್ರಶ್ನೆ, ಅವರವರ ರುಚಿ ಅನ್ನೋರಿದ್ದಾರೆ. ಪೇಂಟಿಗೆ ಹೊಂದಬೇಕು, ಸೋಫಾಗೆ ಮ್ಯಾಚ್ ಆಗಬೇಕು, ಅಷ್ಟೇ ಅಂತಾರೆ. ನಾನು ಕಚೇರಿಯಲ್ಲಿ ಫೈಲು ಬರೆಯೋ ಗುಮಾಸ್ತ, ಕಲಾ ವಿಮರ್ಶಕ ಅಲ್ಲ. ಆದರೆ ಬಿಎಯಲ್ಲಿ ಇತಿಹಾಸ ಓದಿದ್ದಕ್ಕೋ, ಸಂಘಟನೆ ಕೆಲಸಕ್ಕೆ ಊರೂರು ಸುತ್ತಿದ್ದಕ್ಕೋ, ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗೋದು ಗೋಡೆಗೆ. ಆ ಮನೆಯವರು ಯಾರನ್ನು ನೆನೆಯುತ್ತಾರೆ, ಯಾರಿಗೆ ಹೆದರುತ್ತಾರೆ ಅನ್ನೋದು ಅಲ್ಲೇ ಅರ್ಧ ಗೊತ್ತಾಗುತ್ತೆ. ನಮ್ಮ ಜನರ ಗೋಡೆಗೆ ಒಂದು ಇತಿಹಾಸ ಇದೆ. ಅದನ್ನು ತಿಳಿದುಕೊಂಡು ಆಮೇಲೆ ಪಟ ಆರಿಸೋಣ ಅಂತ ಇದನ್ನು ಬರೀತಿದ್ದೀನಿ.

ಮೊದಲು, ಗೋಡೆಗೂ ಹಿಂದಿನ ಮಾತು. ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರ ಹತ್ತಿರ ಏನೇನು ಇರಬೇಕು ಅಂತ ಒಂದು ಪಟ್ಟಿ ಇದೆ. ವಾಸ ಊರ ಹೊರಗೆ. ಆಸ್ತಿ ಅಂದರೆ ನಾಯಿ, ಕತ್ತೆ. ಉಡೋಕೆ ಹೆಣದ ಮೇಲಿನ ಬಟ್ಟೆ. ಉಣ್ಣೋಕೆ ಒಡೆದ ಪಾತ್ರೆ. ಒಡವೆ ಹಾಕಿದರೆ ಅದು ಕಬ್ಬಿಣದ್ದೇ ಆಗಬೇಕು. ಗಮನಿಸಿ, ಇಲ್ಲಿ ಅನ್ನ ಎಷ್ಟು, ಕೂಲಿ ಎಷ್ಟು ಅನ್ನೋದಕ್ಕಿಂತ ನೋಡೋಕೆ ಹೇಗೆ ಕಾಣಬೇಕು ಅನ್ನೋದೇ ಮುಖ್ಯ. ಚೆಂದದ ವಸ್ತು ಒಂದು ಮನೆಯಲ್ಲಿ ಇದ್ದರೆ ಆ ಮನೆಯವನು ತನ್ನನ್ನು ಮನುಷ್ಯ ಅಂದುಕೊಳ್ತಾನೆ ಅನ್ನೋದು ಆ ಪಟ್ಟಿ ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು.

ಅದು ಹಳೇ ಪುಸ್ತಕದ ಮಾತು, ಯಾರು ಪಾಲಿಸ್ತಿದ್ರು ಅಂತ ಕೇಳಬಹುದು. ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಇಂದೋರ್ ಜಿಲ್ಲೆಯ ಬಲಾಯಿಗಳ ಸಂಗತಿ ಎತ್ತಿದ್ದಾರೆ. 1928ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದ ಸುದ್ದಿ ಅದು. ಹದಿನೈದಕ್ಕೂ ಹೆಚ್ಚು ಹಳ್ಳಿಗಳ ಮೇಲ್ಜಾತಿಯವರು ಸೇರಿ ಬಲಾಯಿಗಳಿಗೆ ನಿಯಮ ಹಾಕಿದರು. ಜರಿ ಅಂಚಿನ ಪೇಟ ಸುತ್ತಬಾರದು. ಬಣ್ಣದ ಅಂಚಿನ ಪಂಚೆ ಉಡಬಾರದು. ಹೆಂಗಸರು ಚಿನ್ನ ಬೆಳ್ಳಿ ಹಾಕಬಾರದು, ಚೆಂದದ ಲಂಗ ರವಿಕೆ ತೊಡಬಾರದು. ಒಪ್ಪದವರಿಗೆ ಬಾವಿ ನೀರು ನಿಂತಿತು, ದನ ಮೇಯಿಸೋದು ನಿಂತಿತು, ಹೊಲಕ್ಕೆ ಹೋಗೋ ದಾರಿ ಮುಚ್ಚಿತು. ಎಷ್ಟೋ ಕುಟುಂಬಗಳು ತಲೆತಲಾಂತರದಿಂದ ಇದ್ದ ಊರನ್ನೇ ಬಿಟ್ಟವು. ಒಂದು ಬಣ್ಣದ ಅಂಚಿಗೋಸ್ಕರ! ರುಚಿ ಅನ್ನೋದು ಅವರವರಿಗೆ ಬಿಟ್ಟಿದ್ದು ಅನ್ನೋ ಮಾತು ನಮ್ಮ ಪಾಲಿಗೆ ಯಾವತ್ತೂ ನಿಜ ಆಗಿರಲಿಲ್ಲ.

ಹಾಗಂತ ನಮ್ಮವರ ಕೈಯಲ್ಲಿ ಕಲೆ ಇರಲಿಲ್ಲ ಅಂತಲ್ಲ. ತೊಗಲು ಹದ ಮಾಡಿದವರು, ತಮಟೆ ಕಟ್ಟಿದವರು, ಎಕ್ಕಡಕ್ಕೆ ಹೂವು ಕೊರೆದವರು, ಚಾಪೆ ಹೆಣೆದವರು ಯಾರು? ಕೆಮ್ಮಣ್ಣಿನಲ್ಲಿ ಗೋಡೆ ಸಾರಿಸಿ, ಸುಣ್ಣದಲ್ಲಿ ಬೆರಳಿಂದ ಗೆರೆ ಎಳೀತಿದ್ದ ನಮ್ಮ ಅಜ್ಜಿಯರು ಮಾಡ್ತಿದ್ದದ್ದು ಏನು? ಅದಕ್ಕೆ ಕಲೆ ಅಂತ ಯಾರೂ ಹೆಸರಿಡಲಿಲ್ಲ, ಕಸುಬು ಅಂದರು. ಮಳೆಗಾಲಕ್ಕೆ ಗೋಡೆ ಕುಸಿಯಿತು, ಗೆರೆಯೂ ಹೋಯಿತು. ಮ್ಯೂಸಿಯಂನಲ್ಲಿ ಉಳಿದಿದ್ದು ಗಟ್ಟಿ ಗೋಡೆ ಇದ್ದವರ ಚಿತ್ರ.

ಕಾಗದದ ಪಟ ಬಂದ ಮೇಲೆ ಕತೆ ಬದಲಾಯಿತು. ಇಲ್ಲಿ 1848ನೇ ಇಸವಿಯನ್ನು ನೆನಪಲ್ಲಿಟ್ಟುಕೊಳ್ಳಿ. ಆ ವರ್ಷ ಪುಣೆಯಲ್ಲಿ ಜೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು, ಸಾವಿತ್ರಿಬಾಯಿ ಅಲ್ಲಿ ಪಾಠ ಹೇಳಿದರು. ಅದೇ ವರ್ಷ ತಿರುವಾಂಕೂರಿನ ಕಿಳಿಮಾನೂರಿನಲ್ಲಿ ರಾಜಾ ರವಿವರ್ಮ ಹುಟ್ಟಿದರು. ರವಿವರ್ಮ ಅರಮನೆಗಳಿಗೆ ಎಣ್ಣೆಬಣ್ಣದ ಚಿತ್ರ ಬರೆದು ಹೆಸರು ಮಾಡಿದವರು. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಮೂಲ ಚಿತ್ರಗಳು ಈಗಲೂ ಇವೆ. 1894ರಲ್ಲಿ ಅವರು ಮುಂಬೈಯಲ್ಲಿ ಕಲ್ಲಚ್ಚಿನ ಪ್ರೆಸ್ ಹಾಕಿದರು. ಆಮೇಲೆ ಪ್ರೆಸ್ ಲೋನಾವಳ ಹತ್ತಿರಕ್ಕೆ ಹೋಯಿತು, ಅದನ್ನು ಫ್ರಿಟ್ಜ್ ಶ್ಲೈಶರ್ ಅನ್ನೋ ಜರ್ಮನ್ ಕೊಂಡುಕೊಂಡರು. ಆ ಪ್ರೆಸ್ಸಿಂದ ಲಕ್ಷ್ಮಿ, ಸರಸ್ವತಿ, ಶಕುಂತಲೆ ಬಣ್ಣದ ಅಚ್ಚಾಗಿ ದೇಶದ ತುಂಬಾ ಹರಡಿದರು.

ಈ ಬಗ್ಗೆ ಒಂದು ಮಾತು ಎಲ್ಲ ಕಡೆ ಕೇಳ್ತೀವಿ. "ಗುಡಿಗೆ ಬಿಡದ ಜನರ ಮನೆಗೆ ರವಿವರ್ಮ ದೇವರನ್ನು ತಂದುಕೊಟ್ಟರು" ಅಂತ. ಅರ್ಧ ನಿಜ. ಅಚ್ಚಿನ ಪಟ ಅಗ್ಗವಾಯಿತು, ಯಾರು ಬೇಕಾದರೂ ಕೊಳ್ಳಬಹುದಾಯಿತು, ಅದನ್ನು ಮುಟ್ಟೋಕೆ ಪೂಜಾರಿಯ ಅಪ್ಪಣೆ ಬೇಕಾಗಲಿಲ್ಲ. ಅದು ಸಣ್ಣ ಬದಲಾವಣೆ ಅಲ್ಲ.

ಉಳಿದ ಅರ್ಧ ನೋಡಿ. ರವಿವರ್ಮರ ದೇವತೆಗಳು ಮೈತುಂಬಾ ಜರಿ ಸೀರೆ ಉಟ್ಟವರು. ಅದೇ ತಿರುವಾಂಕೂರಿನಲ್ಲಿ ಚಾನ್ನಾರ್ ಹೆಣ್ಣುಮಕ್ಕಳು ಎದೆ ಮೇಲೆ ಬಟ್ಟೆ ಹಾಕಿಕೊಳ್ಳೋ ಹಕ್ಕಿಗೆ ದಶಕಗಟ್ಟಲೆ ಹೊಡೆತ ತಿಂದರು. 1859ರಲ್ಲಿ ರಾಜರು ಆಜ್ಞೆ ಹೊರಡಿಸಿದರು: ಬಟ್ಟೆ ಹಾಕಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ಥರ ಹಾಕಬಾರದು. ಆಗ ರವಿವರ್ಮ ಹನ್ನೊಂದು ವರ್ಷದ ಹುಡುಗ. ಅವರ ಪ್ರೆಸ್ ಶುರುವಾಗೋದಕ್ಕೆ ಒಂದೇ ವರ್ಷ ಮುಂಚೆ, 1893ರಲ್ಲಿ, ಅದೇ ಸೀಮೆಯ ಅಯ್ಯನ್‌ಕಾಳಿ ಪುಲಯರಿಗೆ ನಿಷಿದ್ಧವಾಗಿದ್ದ ರಸ್ತೆಯಲ್ಲಿ ಎತ್ತಿನ ಬಂಡಿ ಕಟ್ಟಿಕೊಂಡು ಹೋದರು. ದೇವರ ಪಟ ರಸ್ತೆ, ರೈಲು ಹಿಡಿದು ದೇಶ ಸುತ್ತಿತು. ಅಯ್ಯನ್‌ಕಾಳಿ ತಮ್ಮ ಊರಿನ ರಸ್ತೆಯಲ್ಲಿ ಓಡಾಡೋಕೆ ಬಡಿದಾಡಬೇಕಾಯಿತು. ತಿರುವಾಂಕೂರಿನ ಗುಡಿ ಬಾಗಿಲು ತೆರೆದದ್ದು 1936ರ ನವೆಂಬರ್‌ನಲ್ಲಿ. ಪಟದ ದೇವರು ಮನೆಗೆ ಬಂದು ನಲವತ್ತು ವರ್ಷ ಕಳೆದರೂ ಗುಡಿಯ ದೇವರು ಹೊರಗೇ ನಿಲ್ಲಿಸಿದ್ದ.

ಇನ್ನೊಂದು ವಿಷಯ. ಆ ಪಟಗಳು ದೇವರಿಗೆ ಒಂದು ಮುಖ ಕೊಟ್ಟವು. ಬಿಳಿ ಮೈಬಣ್ಣ, ಮೇಲ್ಜಾತಿಯ ಸೀರೆ, ಮೇಲ್ಜಾತಿಯ ಒಡವೆ. ನಮ್ಮ ಕೇರಿಯ ಮಾರಿ, ಕಲ್ಲಾಗಿ ಬೇವಿನ ಮರದ ಬುಡದಲ್ಲಿ ಕೂತಿದ್ದವಳು, ಆ ಮುಖದ ಪಕ್ಕ ಸಣ್ಣವಳಾದಳು. ಮಕ್ಕಳು ಗೋಡೆ ನೋಡ್ತಾ ಬೆಳೀತವೆ. ಚೆಂದ ಅಂದರೆ ಆ ಬಣ್ಣ, ನಮ್ಮಮ್ಮನ ಬಣ್ಣ ಅಲ್ಲ ಅಂತ ಆ ಪಟ ಮಾತಿಲ್ಲದೆ ಹೇಳಿಕೊಡ್ತು.

ಇದರ ಮುಂದಿನ ಅಧ್ಯಾಯ ಶಿವಕಾಶಿ. ಚಾನ್ನಾರ್ ಅಂದೆನಲ್ಲ, ತಮಿಳು ಸೀಮೆಯಲ್ಲಿ ಅದೇ ಸಮುದಾಯ ನಾಡಾರ್. ಅವರು ದಲಿತರಲ್ಲ, ಆದರೆ ಗುಡಿಗೆ ಪ್ರವೇಶ ಇಲ್ಲದವರ ಪಟ್ಟಿಯಲ್ಲಿದ್ದವರು. 1897ರಲ್ಲಿ ಕಮುದಿ ಅನ್ನೋ ಊರಲ್ಲಿ ನಾಡಾರ್‌ಗಳು ಮೀನಾಕ್ಷಿ ಸುಂದರೇಶ್ವರ ಗುಡಿಯೊಳಗೆ ಹೋದರು. ಕೇಸು ಬಿತ್ತು, ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗಿ 1908ರಲ್ಲಿ ಅವರು ಸೋತರು. 1899ರಲ್ಲಿ ಶಿವಕಾಶಿಯಲ್ಲೇ ಗುಡಿ ಪ್ರವೇಶದ ವಿಷಯಕ್ಕೆ ದೊಡ್ಡ ಗಲಭೆ ಆಯಿತು. ಅದೇ ಶಿವಕಾಶಿಯಲ್ಲಿ 1920ರ ದಶಕದಲ್ಲಿ ನಾಡಾರ್‌ಗಳು ಬೆಂಕಿಪೊಟ್ಟಣದ ಕಾರ್ಖಾನೆ ಹಾಕಿದರು. ಪೊಟ್ಟಣಕ್ಕೆ ಲೇಬಲ್ ಬೇಕು, ಲೇಬಲ್ಲಿಗೆ ಪ್ರೆಸ್ ಬೇಕು. ಹಾಗೆ ಬಂದ ಪ್ರೆಸ್ಸುಗಳು ಆಮೇಲೆ ದೇಶಕ್ಕೆಲ್ಲ ದೇವರ ಕ್ಯಾಲೆಂಡರ್ ಅಚ್ಚು ಹಾಕಿದವು. ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು ಮತ್ತು ಅವರ ಶಿಷ್ಯರು ಬರೆದ ದೇವರುಗಳು ಶಿವಕಾಶಿ ಮೂಲಕ ಮನೆಮನೆ ಸೇರಿದರು. ಯಾವ ಊರಿನವರನ್ನು ಗುಡಿ ಒಳಗೆ ಬಿಡಲಿಲ್ಲವೋ ಅದೇ ಊರಿನವರು ದೇವರನ್ನು ಅಚ್ಚು ಹಾಕಿ ಎಲ್ಲರಿಗೂ ಮಾರಿದರು. ಇದನ್ನು ಗೆಲುವು ಅನ್ನಬೇಕೋ ಏನನ್ನಬೇಕೋ ನೀವೇ ಹೇಳಿ. ನನಗಂತೂ ಎರಡೂ ಅನಿಸುತ್ತೆ.

ನಮ್ಮ ಕೇರಿಗೆ ಕ್ಯಾಲೆಂಡರ್ ಬಂದದ್ದು ಹೇಗೆ? ಕೊಂಡು ತಂದದ್ದಲ್ಲ. ವರ್ಷದ ಕೊನೆಗೆ ದಿನಸಿ ಅಂಗಡಿಯವರು, ಗೊಬ್ಬರದಂಗಡಿಯವರು, ಗಿರವಿ ಇಟ್ಟುಕೊಳ್ಳೋ ಸೇಟು ಕೊಟ್ಟಿದ್ದು. ಮೇಲೆ ದೇವರು, ಕೆಳಗೆ ಅಂಗಡಿ ಹೆಸರು, ಅದರ ಕೆಳಗೆ ತಾರೀಕು. ವರ್ಷ ಮುಗಿದ ಮೇಲೆ ತಾರೀಕಿನ ಹಾಳೆ ಕಿತ್ತು ದೇವರನ್ನು ಹಾಗೇ ಬಿಡ್ತಿದ್ರು, ಸಾಲ ಕೊಟ್ಟವನ ಹೆಸರೂ ಅಲ್ಲೇ ಉಳೀತಿತ್ತು. ಅಂದರೆ ನಮ್ಮ ಗೋಡೆ ಮೇಲಿನ ಚಿತ್ರವನ್ನು ನಾವು ಆರಿಸಲಿಲ್ಲ. ಬೇರೆಯವರ ಜಾಹೀರಾತಿಗೆ ನಮ್ಮ ಮೊಳೆ.

ಮೈಸೂರು ಸೀಮೆಯ ನಮ್ಮಂಥವರ ಮನೆಗಳಲ್ಲಿ 1980ರ ದಶಕದಲ್ಲಿ ಏನೇನಿತ್ತು ಅಂತ ನೆನಪು ಮಾಡಿಕೊಂಡರೆ ಮೂರು ಪಟ ಕಣ್ಣ ಮುಂದೆ ಬರುತ್ತೆ. ಒಂದು, ಹುಲಿ ಮೇಲೆ ಕೂತ ಮಲೆ ಮಾದಪ್ಪ. ಮಾದಪ್ಪ ನಮ್ಮವರೂ ಒಕ್ಕಲಾಗಿರೋ ದೈವ. ಕಂಸಾಳೆಯವರು ಹಾಡೋ ಕತೆಯಲ್ಲಿ ಶ್ರವಣನನ್ನು ಕೊಲ್ಲೋಕೆ ಬೇಕಾದ ಪಾದರಕ್ಷೆ ಮಾಡಿಕೊಡೋದು ಹರಳಯ್ಯ. ಕತೆಯಲ್ಲಿ ಆತನಿಲ್ಲದೆ ಕೆಲಸ ನಡೆಯಲ್ಲ. ಅಂಗಡಿಯಲ್ಲಿ ಸಿಗೋ ಪಟದಲ್ಲಿ ಹುಲಿ ಇದೆ, ಹರಳಯ್ಯ ಇಲ್ಲ. ಎರಡನೇದು ನಾಲ್ವಡಿಯವರ ಫೋಟೋ. ಅದಕ್ಕೆ ಕಾರಣ ಇದೆ: 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆದ ದೊರೆ ಅವರು. ಮೂರನೇದು ಅಂಗಡಿ ಕ್ಯಾಲೆಂಡರ್. ನಮ್ಮ ಮನೆಯಲ್ಲಿ ಬಾಬಾಸಾಹೇಬರು ಬಂದದ್ದು ಇವೆಲ್ಲ ಆದ ಮೇಲೆ. ದಸಂಸದ ಹುಡುಗರು ಹಟ್ಟಿಗೆ ಬಂದು ಸಭೆ ಮಾಡಿ ಹೋಗುವಾಗ ಕೊಟ್ಟ ಕಪ್ಪು ಬಿಳುಪಿನ ಕಾಗದದ ಫೋಟೋ. ಅಪ್ಪ ಅದನ್ನು ಅನ್ನದ ಗಂಜಿ ಹಚ್ಚಿ ಬಾಗಿಲಿಗೆ ಅಂಟಿಸಿದರು. ಕಟ್ಟು ಹಾಕಿಸೋಕೆ ದುಡ್ಡಿರಲಿಲ್ಲ. ಆದರೆ ಆ ಮನೆಯಲ್ಲಿ ಯಾರೂ ಬಿಟ್ಟಿ ಜಾಹೀರಾತಾಗಿ ಕೊಡದ, ನಾವೇ ಬೇಕು ಅಂತ ಹಾಕಿದ ಮೊದಲ ಚಿತ್ರ ಅದು.

ಬಾಬಾಸಾಹೇಬರ ಚಿತ್ರ ಗೋಡೆಗೆ ಬಂದ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ. 1950ರ ಡಿಸೆಂಬರ್‌ನಲ್ಲಿ, ಅವರು ಬದುಕಿದ್ದಾಗಲೇ, ಕೊಲ್ಹಾಪುರದ ಬಿಂದು ಚೌಕದಲ್ಲಿ ಅವರ ಮತ್ತು ಜೋತಿಬಾ ಅವರ ಪ್ರತಿಮೆಗಳನ್ನು ಇಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿ ತಮ್ಮ ಜನರಿಗೆ 22 ಪ್ರತಿಜ್ಞೆ ಬೋಧಿಸಿದರು. ಅದರಲ್ಲಿ ಮೊದಲ ಮೂರನ್ನು ಗಮನಿಸಿ. ಬ್ರಹ್ಮ ವಿಷ್ಣು ಮಹೇಶ್ವರ, ರಾಮ ಕೃಷ್ಣ, ಗೌರಿ ಗಣಪತಿ, ಇವರನ್ನು ದೇವರು ಅಂತ ಒಪ್ಪಲ್ಲ, ಪೂಜಿಸಲ್ಲ ಅನ್ನೋದು. ಇದು ಬರೀ ಮನಸ್ಸಿನ ಪ್ರತಿಜ್ಞೆ ಅಲ್ಲ, ಮನೆಗೆ ಹೋಗಿ ಗೋಡೆ ನೋಡಿ ಅಂತ ಹೇಳಿದ ಹಾಗೆ. ಮಹಾರಾಷ್ಟ್ರದ ಮಹಾರ್ ಕೇರಿಗಳಲ್ಲಿ ದೇವರ ಪಟಗಳು ಕೆಳಗಿಳಿದವು. ಆ ಮೊಳೆಗೆ ಬುದ್ಧ ಬಂದರು, ಎರಡೇ ತಿಂಗಳಲ್ಲಿ, ಡಿಸೆಂಬರ್ 6ರ ನಂತರ, ಪಕ್ಕದಲ್ಲಿ ಬಾಬಾಸಾಹೇಬರೂ ಬಂದರು.

ಕರ್ನಾಟಕದಲ್ಲೂ ಈ ಮಾತು ಎದ್ದಿತ್ತು. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ದೇವರ ಪಟಗಳನ್ನು ಚರಂಡಿಗೆ ಹಾಕಿ ಅನ್ನೋ ಅರ್ಥದ ಮಾತಾಡಿದ್ದು ದೊಡ್ಡ ಗದ್ದಲವಾಗಿತ್ತು. ಅದೇ ವರ್ಷ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಅವರು ಆಡಿದ ಬೂಸಾ ಮಾತು ಎಲ್ಲರಿಗೂ ಗೊತ್ತು, ಪಟದ ಮಾತು ಅಷ್ಟು ಗೊತ್ತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಚರಂಡಿ ಅನ್ನೋ ಮಾತು ನಮ್ಮ ಅಜ್ಜಿಯರಿಗೆ ನೋವು ಮಾಡ್ತಿತ್ತು, ಅವರ ಮಾರಿಯೂ ಮಾದಪ್ಪನೂ ಆ ಗೋಡೆಯಲ್ಲೇ ಇದ್ದರು. ಆದರೆ ಅದರ ಒಳಗಿನ ಪ್ರಶ್ನೆ ಸರಿಯಾಗಿತ್ತು: ನಿಮ್ಮ ಗೋಡೆ ಮೇಲೆ ಇರೋದು ಯಾರು, ಅಲ್ಲಿ ಇಟ್ಟದ್ದು ಯಾರು?

ಈಗ ಸರ್ಕಾರದ ಗೋಡೆಗಳ ಕಡೆ ಬನ್ನಿ. ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್. ಸಂವಿಧಾನ ಸಭೆ ಕೂತಿದ್ದು ಅಲ್ಲೇ. ಕರಡು ಸಮಿತಿ ಅಧ್ಯಕ್ಷರಾಗಿ ಬಾಬಾಸಾಹೇಬರು ಒಂದೊಂದು ವಿಧಿಗೂ ಉತ್ತರ ಕೊಟ್ಟಿದ್ದು ಅಲ್ಲೇ. ಆ ಹಾಲಿನಲ್ಲಿ ಗಾಂಧೀಜಿ ಭಾವಚಿತ್ರ 1947ರ ಆಗಸ್ಟ್‌ನಲ್ಲೇ ಬಂತು. ಬಾಬಾಸಾಹೇಬರ ಪ್ರತಿಮೆ 1967ರಲ್ಲಿ ಬಂತು, ಬಿ.ವಿ. ವಾಘ್ ಮಾಡಿದ ಕಂಚಿನ ಪ್ರತಿಮೆ, ಅದು ನಿಂತದ್ದು ಕಟ್ಟಡದ ಹೊರಗೆ. ಒಳಗಿನ ಗೋಡೆಗೆ ಅವರ ಭಾವಚಿತ್ರ ಏರಿದ್ದು 1990ರ ಏಪ್ರಿಲ್ 12ಕ್ಕೆ, ವಿ.ಪಿ. ಸಿಂಗ್ ಪ್ರಧಾನಿಯಾಗಿದ್ದಾಗ. ಬರೆದವರು ಜೇಬಾ ಅಮ್ರೋಹವಿ ಅನ್ನೋ ಕಲಾವಿದೆ. ಸಂವಿಧಾನ ಜಾರಿಗೆ ಬಂದು ನಲವತ್ತು ವರ್ಷ ಆಗಿತ್ತು.

ಸಂವಿಧಾನದ ಕೈಬರಹದ ಮೂಲ ಪ್ರತಿಯನ್ನೂ ನೋಡಿ. ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಅವರ ಶಿಷ್ಯರು ಅದಕ್ಕೆ ಚಿತ್ರ ಬರೆದರು. ಬುದ್ಧ ಇದ್ದಾರೆ, ರಾಮ ಸೀತೆ ಲಕ್ಷ್ಮಣ ಇದ್ದಾರೆ, ಶಿವಾಜಿ, ಟಿಪ್ಪು, ಲಕ್ಷ್ಮೀಬಾಯಿ, ಗಾಂಧಿ, ಸುಭಾಷರು ಇದ್ದಾರೆ. ಬಾಬಾಸಾಹೇಬರು ಆಗ ಸಚಿವರಾಗಿ ಅದೇ ಸರ್ಕಾರದಲ್ಲಿದ್ದವರು, ಅವರ ಚಿತ್ರ ಇಲ್ಲದ್ದನ್ನು ನಾನು ಪಿತೂರಿ ಅನ್ನಲ್ಲ. ಆದರೆ ಫುಲೆ ಇಲ್ಲ, ಸಾವಿತ್ರಿಬಾಯಿ ಇಲ್ಲ, ಅಯ್ಯನ್‌ಕಾಳಿ ಇಲ್ಲ. ದೇಶದ ಇತಿಹಾಸವನ್ನು ಚಿತ್ರದಲ್ಲಿ ಹೇಳೋಕೆ ಕೂತಾಗ ನಮ್ಮವರು ನೆನಪಿಗೆ ಬರಲಿಲ್ಲ.

ಇದನ್ನೆಲ್ಲ ಸೇರಿಸಿ ನೋಡಿದರೆ ಒಂದು ಸಂಗತಿ ಕಾಣುತ್ತೆ, ಅದನ್ನು ಹೇಳೋಕೇ ಇಷ್ಟುದ್ದ ಬರೆದದ್ದು. ಬಾಬಾಸಾಹೇಬರನ್ನು ಗೋಡೆಗೆ ಏರಿಸಿದ್ದು ಅಕಾಡೆಮಿ ಅಲ್ಲ, ಸಂಸತ್ತು ಅಲ್ಲ, ಪಠ್ಯಪುಸ್ತಕ ಅಲ್ಲ. ಗುಡಿಸಲು. ಸೆಂಟ್ರಲ್ ಹಾಲಿಗಿಂತ ದಶಕಗಳ ಮುಂಚೆ ನಾಗಪುರದ, ಕೊಲ್ಹಾಪುರದ, ನಮ್ಮ ಹಟ್ಟಿಗಳ ಮಣ್ಣಿನ ಗೋಡೆಗಳು ಆ ಕೆಲಸ ಮಾಡಿದ್ದವು. ಡಿಸೆಂಬರ್ 6ಕ್ಕೆ ಮುಂಬೈನ ಚೈತ್ಯಭೂಮಿಯಲ್ಲಿ, ದೀಕ್ಷಾದಿನಕ್ಕೆ ನಾಗಪುರದಲ್ಲಿ ಫುಟ್‌ಪಾತ್ ಮೇಲೆ ಪುಸ್ತಕದ ಪಕ್ಕ ಫೋಟೋ, ಕ್ಯಾಲೆಂಡರ್ ಹರವಿ ಮಾರೋರನ್ನು ನೋಡಿದವರಿಗೆ ಇದು ಗೊತ್ತು. ಕೂಲಿ ಮಾಡಿ ಉಳಿಸಿದ ದುಡ್ಡಲ್ಲಿ ಒಂದು ಪುಸ್ತಕ, ಒಂದು ಪಟ ತಗೊಂಡು ಜನ ರೈಲು ಹತ್ತುತ್ತಾರೆ. ದೇಶದ ಅತಿ ದೊಡ್ಡ ಕಲಾ ಸಂಗ್ರಹಾಲಯ ನಮ್ಮ ಕೇರಿಗಳೇ ಅಂತ ನಾನು ಭಾಷಣದಲ್ಲಿ ಹೇಳ್ತಿರ್ತೀನಿ, ತಮಾಷೆಗಲ್ಲ.

ಅದಕ್ಕೇ ಒಂದು ಫೋಟೋ ವಿಷಯಕ್ಕೆ ಇಷ್ಟು ಸಿಟ್ಟು ಬರೋದು. 2022ರ ಜನವರಿ 26ರಂದು ರಾಯಚೂರಿನ ಜಿಲ್ಲಾ ನ್ಯಾಯಾಲಯದ ಗಣರಾಜ್ಯೋತ್ಸವದಲ್ಲಿ ಬಾಬಾಸಾಹೇಬರ ಫೋಟೋ ತೆಗೆಸಿದ ಆರೋಪ ಬಂತು. ರಾಜ್ಯದ ತುಂಬಾ ಜನ ಬೀದಿಗಿಳಿದರು, ಫೆಬ್ರವರಿಯಲ್ಲಿ ಬೆಂಗಳೂರು ನೀಲಿಯಾಯಿತು. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಸಂವಿಧಾನ ದಿನಗಳಂದು ನ್ಯಾಯಾಲಯಗಳಲ್ಲಿ ಅವರ ಭಾವಚಿತ್ರ ಇಡಬೇಕು ಅಂತ ಹೈಕೋರ್ಟಿನಿಂದ ಸುತ್ತೋಲೆ ಬಂತು. "ಒಂದು ಫೋಟೋಗೆ ಇಷ್ಟೊಂದಾ?" ಅಂತ ಆಗ ಕೆಲವರು ಕೇಳಿದರು. ಬಣ್ಣದ ಅಂಚಿಗೆ ಊರು ಬಿಡಿಸಿದ ದೇಶ ಇದು ಸ್ವಾಮಿ. ಇಷ್ಟೇ.

ಈಗ ನಮ್ಮ ಹೊಸ ಮನೆಗಳ ವಿಷಯ. ಇಲ್ಲಿ ನಾನು ಮುಚ್ಚುಮರೆ ಇಲ್ಲದೆ ಮಾತಾಡ್ತೀನಿ. ಹಳ್ಳಿಯಲ್ಲಿ ನಮ್ಮ ಜಾತಿ ಎಲ್ಲರಿಗೂ ಗೊತ್ತು, ಪಟ ಹಾಕಿದರೂ ಗೊತ್ತು, ಹಾಕದಿದ್ದರೂ ಗೊತ್ತು. ಸಿಟಿಯಲ್ಲಿ ಹಾಗಲ್ಲ. ಸಿಟಿಯಲ್ಲಿ ಹಾಲಿನ ಗೋಡೆಯೇ ಜಾತಿ ಸರ್ಟಿಫಿಕೇಟ್. ಹದಿನೈದು ವರ್ಷದ ಹಿಂದೆ ನಾನು ಒಂದು ಬಾಡಿಗೆ ಮನೆಯಲ್ಲಿದ್ದೆ. ಮೂರನೇ ತಿಂಗಳು ಬಾಡಿಗೆ ಇಸ್ಕೊಳ್ಳೋಕೆ ಬಂದ ಓನರ್ ಹಾಲಿನಲ್ಲಿದ್ದ ಬಾಬಾಸಾಹೇಬರನ್ನು ನೋಡಿದರು. ಏನೂ ಅನ್ನಲಿಲ್ಲ, ಕಾಫಿ ಬೇಡ ಅಂದರು. ಮುಂದಿನ ತಿಂಗಳು "ಮಗಳು ಬರ್ತಾಳೆ, ಮನೆ ಬೇಕಾಗುತ್ತೆ" ಅಂದರು. ನಾವು ಖಾಲಿ ಮಾಡಿದ ವಾರಕ್ಕೆ ಗೇಟಿಗೆ 'ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಬೋರ್ಡ್ ಬಿತ್ತು. ಇದು ನನ್ನೊಬ್ಬನ ಕತೆ ಅಲ್ಲ. ಈ ಪೋಸ್ಟ್ ಓದ್ತಿರೋ ಎಷ್ಟು ಜನ ಬಾಬಾಸಾಹೇಬರನ್ನು ಬೀರುವಿನೊಳಗೆ, ಬೆಡ್‌ರೂಮಿನ ಬಾಗಿಲ ಹಿಂದೆ ಇಟ್ಟಿದ್ದೀರಿ ಅಂತ ನನಗೆ ಗೊತ್ತು. ಬಾಡಿಗೆ ಮನೆಯಲ್ಲಿ, ಮಕ್ಕಳ ಶಾಲೆ ಪಕ್ಕದಲ್ಲೇ ಇರುವಾಗ, ಮೂರು ತಿಂಗಳಿಗೊಮ್ಮೆ ಗಂಟು ಮೂಟೆ ಕಟ್ಟೋಕೆ ಆಗಲ್ಲ. ಹಾಗೆ ಇಟ್ಟವರನ್ನು ನಾನು ಹೇಡಿ ಅನ್ನಲ್ಲ, ಯಾರೂ ಅನ್ನಬಾರದು. ನಾಚಿಕೆ ಪಡಬೇಕಾದವರು ಆ ಬೋರ್ಡ್ ಹಾಕಿದವರು.

ಆದರೆ ಸ್ವಂತ ಮನೆ ಆದ ಮೇಲೆ? ಗೋಡೆ ನಮ್ಮ ಹೆಸರಲ್ಲಿ ನೋಂದಣಿ ಆದ ಮೇಲೆ? ಆಗಲೂ "ನ್ಯೂಟ್ರಲ್ ಆಗಿರಲಿ, ಯಾರಾದ್ರೂ ಬರ್ತಾರೆ" ಅಂತ ಇಂಟೀರಿಯರ್ ಅಂಗಡಿಯಿಂದ ಓಡೋ ಏಳು ಕುದುರೆ ಚಿತ್ರ ತಂದು ಹಾಕ್ತೀವಲ್ಲ, ಅಲ್ಲಿ ನನ್ನ ತಕರಾರು. ಅದೇ ಅಂಗಡಿಯಲ್ಲಿ ಬುದ್ಧನ ತಲೆಯೂ ಸಿಗುತ್ತೆ. ಮೈ ಇಲ್ಲ, ತಲೆ ಮಾತ್ರ, ಪಕ್ಕದಲ್ಲಿ ಬಿದಿರಿನ ಗಿಡ. ಆ ಬುದ್ಧ ಯಾವ ಮನೆಗೂ ಒಗ್ಗುತ್ತಾನೆ, ಅವನನ್ನು ಶಾಂತಿ ಅಂತಾರೆ. ಅದೇ ಬುದ್ಧನ ಪಕ್ಕ ಬಾಬಾಸಾಹೇಬರನ್ನು ಇಟ್ಟು ನೋಡಿ, ತಕ್ಷಣ ಬಂದವರು "ಓ, ನೀವು..." ಅಂತ ಅರ್ಧಕ್ಕೆ ಮಾತು ನಿಲ್ಲಿಸ್ತಾರೆ. ನ್ಯೂಟ್ರಲ್ ಅನ್ನೋ ಗೋಡೆ ಇಲ್ಲ ಬಂಧುಗಳೇ. ನ್ಯೂಟ್ರಲ್ ಅಂದರೆ ಬಂದವರಿಗೆ ಮುಜುಗರ ಆಗದ ಹಾಗೆ ನಾವು ಕಾಣೆಯಾಗೋದು.

ಹಾಗಾದರೆ ಏನು ಹಾಕೋದು? ನನಗೆ ತೋಚಿದ್ದು ಹೇಳ್ತೀನಿ.

ಒಂದು, ಬಾಬಾಸಾಹೇಬರು ಹಾಲಿನಲ್ಲಿರಲಿ, ಬಾಗಿಲು ತೆರೆದ ತಕ್ಷಣ ಕಾಣೋ ಜಾಗದಲ್ಲಿ. ಆದರೆ ಪೂಜಾ ಪಟ ಮಾಡಬೇಡಿ. ಕುಂಕುಮ, ಊದಿನಕಡ್ಡಿ, ತೆಂಗಿನಕಾಯಿ ಬೇಡ. ರಾಜಕೀಯದಲ್ಲಿ ಭಕ್ತಿ ಅನ್ನೋದು ಅವನತಿಗೆ, ಸರ್ವಾಧಿಕಾರಕ್ಕೆ ದಾರಿ ಅಂತ 1949ರ ನವೆಂಬರ್ 25ರಂದು ಎಚ್ಚರಿಕೆ ಕೊಟ್ಟವರು ಅವರೇ. ಫೋಟೋ ಆರಿಸುವಾಗ ಮೈಬಣ್ಣ ಬೆಳ್ಳಗೆ ಮಾಡಿ, ತಲೆ ಹಿಂದೆ ಪ್ರಭಾವಳಿ ಹಾಕಿರೋದನ್ನು ಬಿಡಿ. ಪುಸ್ತಕದ ಮುಂದೆ ಕೂತ ಕಪ್ಪು ಬಿಳುಪಿನ ಫೋಟೋ ಹಾಕಿ. ಅದರ ಕೆಳಗೆ ಒಂದು ಶೆಲ್ಫ್ ಇರಲಿ, ಶೆಲ್ಫಿನಲ್ಲಿ ಅವರ ಸಂಪುಟಗಳಿರಲಿ. ಅವರು ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದ್ದು ಮುಖ್ಯವಾಗಿ ಪುಸ್ತಕಕ್ಕೋಸ್ಕರ. ಪುಸ್ತಕ ಇಲ್ಲದ ಮನೆಯಲ್ಲಿ ಅವರ ಪಟಕ್ಕೂ ಬೇಸರ.

ಎರಡು, ಹೆಣ್ಣುಮಕ್ಕಳು. ಸಾವಿತ್ರಿಬಾಯಿ, ಫಾತಿಮಾ ಶೇಖ್, ರಮಾಬಾಯಿ. ನಮ್ಮ ಎಷ್ಟೋ ಮನೆಗಳ ಗೋಡೆಯಲ್ಲಿ ಗಂಡಸರೇ ತುಂಬಿದ್ದಾರೆ. ಮನೆ ಮಗಳು ಓದೋ ಟೇಬಲ್ಲಿನ ಎದುರಿಗೆ ಯಾರಿದ್ದಾರೆ ನೋಡಿಕೊಳ್ಳಿ.

ಮೂರು, ಸ್ವಲ್ಪ ದುಡ್ಡು ಖರ್ಚು ಮಾಡೋ ಶಕ್ತಿ ಇರುವವರು ನಮ್ಮವರು ಬರೆದ ಚಿತ್ರ ಕೊಳ್ಳಿ. ಮಧುಬನಿ ಅಂದ ತಕ್ಷಣ ಎಲ್ಲರಿಗೂ ಗೊತ್ತು. 1960ರ ದಶಕದ ಬರಗಾಲದಲ್ಲಿ ಬಿಹಾರದ ಮಿಥಿಲೆಯ ಹೆಂಗಸರಿಗೆ ಕೆಲಸ ಕೊಡೋಕೆ ಗೋಡೆಯ ಚಿತ್ರವನ್ನು ಕಾಗದದ ಮೇಲೆ ಬರೆಸಿದರು. ಮೊದಲು ಹೆಸರು ಮಾಡಿದ ಶೈಲಿಗಳು ಬ್ರಾಹ್ಮಣ, ಕಾಯಸ್ಥ ಮನೆಗಳದ್ದು. ಆಮೇಲೆ 1970ರ ದಶಕದಲ್ಲಿ ದುಸಾಧ್ ಅನ್ನೋ ದಲಿತ ಸಮುದಾಯದ ಹೆಂಗಸರು ಬರೆಯೋಕೆ ಕೂತರು. ರಾಮಾಯಣ ಬರೆಯಲಿಲ್ಲ. ತಮ್ಮ ಮೈಮೇಲಿನ ಹಚ್ಚೆಯ ಗೆರೆಗಳನ್ನೇ ಕಾಗದಕ್ಕೆ ಇಳಿಸಿದರು, ತಮ್ಮ ವೀರ ರಾಜಾ ಸಲ್ಹೇಸನ ಕತೆ ಬರೆದರು. ಅದಕ್ಕೆ ಗೋದ್ನಾ ಶೈಲಿ ಅಂತ ಹೆಸರು, ಚಾನೋ ದೇವಿ ಅದರಲ್ಲಿ ದೊಡ್ಡ ಹೆಸರು. ಈಗ ಅದೇ ಮಿಥಿಲೆಯ ಶೈಲಿಯಲ್ಲಿ ಮಾಳವಿಕಾ 

ರಾಜ್ ಬುದ್ಧನ ಬದುಕನ್ನು ಬರೀತಾರೆ. ನಾಗಪುರದ ಸವಿ ಸಾವರ್ಕರ್ ಕೊರಳಲ್ಲಿ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿದ ಮನುಷ್ಯನನ್ನು, ದೇವದಾಸಿಯನ್ನು ಬರೆದರು. ಅದು ಸೋಫಾಗೆ ಮ್ಯಾಚ್ ಆಗೋ ಚಿತ್ರ ಅಲ್ಲ, ನೋಡಿದವರ ನಿದ್ದೆ ಕೆಡಿಸೋ ಚಿತ್ರ. ಎಲ್ಲರಿಗೂ ಮೂಲ ಚಿತ್ರ ಕೊಳ್ಳೋಕೆ ಆಗಲ್ಲ, ಆದರೆ ಕಲಾವಿದರು ಯಾರು ಅಂತ ಕೇಳಿ ಕೊಳ್ಳೋ ಅಭ್ಯಾಸ ಆಗಲಿ. ನಿಮ್ಮ ಊರಿನ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ಭೀಮ ಜಯಂತಿಗೆ ಕಟೌಟ್ ಬರೆಯೋ ಹುಡುಗ, ಇವರಿಗೆ ಒಂದು ಕೆಲಸ ಕೊಡಿ. ಹುಲಿ ಪಕ್ಕ ಹರಳಯ್ಯನನ್ನೂ ಬರೆದುಕೊಡು ಅಂತ ಕೇಳಿ. ಯಾರೂ ಕೇಳಿಲ್ಲ ಅದಕ್ಕೇ ಯಾರೂ ಬರೆದಿಲ್ಲ.

ನಾಲ್ಕನೇದು ನನಗೆ ಎಲ್ಲಕ್ಕಿಂತ ಮುಖ್ಯ. ನಿಮ್ಮ ಅಜ್ಜ ಅಜ್ಜಿ. ದೊಡ್ಡ ಮನೆಗಳಿಗೆ ಹೋದರೆ ಮುತ್ತಾತನಿಂದ ಹಿಡಿದು ಸಾಲಾಗಿ ಫೋಟೋ ಇರುತ್ತೆ. ನಮ್ಮಲ್ಲಿ? ಸ್ಟುಡಿಯೋ ಮೆಟ್ಟಿಲು ಹತ್ತಿದ ಅಜ್ಜಿ ಎಷ್ಟು ಜನ? ನಮ್ಮ ಅಜ್ಜಿಯ ಒಂದೇ ಒಂದು ಫೋಟೋ ಅಂದರೆ ವೋಟರ್ ಕಾರ್ಡಿನದು. ಹೆಬ್ಬೆರಳಿನ ಉಗುರಿನಷ್ಟು, ಕಪ್ಪು ಬಿಳುಪು, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ. ಎಷ್ಟೋ ಮನೆಗಳಲ್ಲಿ ಸತ್ತವರ ಮುಖ ಉಳಿದಿರೋದು ಹೀಗೇ, ವೋಟರ್ ಕಾರ್ಡಿನಲ್ಲಿ, ರೇಷನ್ ಕಾರ್ಡಿನಲ್ಲಿ, ಪೆನ್ಷನ್ ಪುಸ್ತಕದಲ್ಲಿ. ನಾನು ಅದನ್ನು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿಸಿದೆ. ಸ್ಟುಡಿಯೋ ಹುಡುಗ "ಸಾರ್, ಮುಖ ಸ್ವಲ್ಪ ಬೆಳ್ಳಗೆ ಮಾಡ್ಲಾ, ರೇಷ್ಮೆ ಸೀರೆ ಹಾಕ್ಲಾ?" ಅಂದ. ಬೇಡ ಕಣಪ್ಪ, ಹೇಗಿದ್ದಳೋ ಹಾಗೇ ಇರಲಿ ಅಂದೆ. ದೊಡ್ಡದಾದ ಮೇಲೆ ಚುಕ್ಕೆ ಚುಕ್ಕೆಯಾಗಿ ಮಸುಕಾಗಿದೆ. ಆದರೂ ನನ್ನ ಮಕ್ಕಳು ಬಂದವರಿಗೆ ತೋರಿಸಿ "ಇದು ನಮ್ಮ ಮುತ್ತಜ್ಜಿ" ಅಂತಾರೆ. ಓಟು ಹಾಕೋ ಹಕ್ಕು ಇದ್ದದ್ದಕ್ಕೆ ಅವಳ ಮುಖ ಉಳೀತು, ಆ ಹಕ್ಕು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ.

ಮನೆಯ ಹಿರಿಯರ ದೇವರ ಪಟ ಏನು ಮಾಡೋದು ಅಂತ ಕೇಳ್ತೀರಿ. ಅಮ್ಮ ಬದುಕಿರೋ ತನಕ ಅಮ್ಮನ ಮಾದಪ್ಪನನ್ನು ಜಗಳ ಮಾಡಿ ಇಳಿಸಬೇಡಿ. ಮಾತಾಡಿ, ಓದಿ ಹೇಳಿ. ಬಲವಂತವಾಗಿ ಇಳಿಸಿದ ಪಟ ಮನಸ್ಸಿನಲ್ಲಿ ಇನ್ನೂ ಗಟ್ಟಿಯಾಗಿ ನಿಲ್ಲುತ್ತೆ. ಆದರೆ ಹೊಸದಾಗಿ ಹೊಡೆಯೋ ಮೊಳೆ ಮಾತ್ರ ಯೋಚನೆ ಮಾಡಿ ಹೊಡೀರಿ. ನಮ್ಮ ಹಿಂದಿನವರಿಗೆ ಆರಿಸೋ ಅವಕಾಶ ಇರಲಿಲ್ಲ. ನಮಗಿದೆ.

ನಿಮ್ಮ ಮನೆಯವರು ತಾವಾಗಿ ಬೇಕು ಅಂತ ಹಾಕಿದ ಮೊದಲ ಪಟ ಯಾವುದು? ಕೆಳಗೆ ಬರೀರಿ. ಹಿರಿಯರನ್ನು ಕೇಳಿ ಬರೀರಿ. ಅವೆಲ್ಲ ಸೇರಿದರೆ ಅದೇ ನಮ್ಮ ಇತಿಹಾಸದ ಇನ್ನೊಂದು ಪುಟ ಆಗುತ್ತೆ.

ಜೈ ಭೀಮ್.